ಕ್ಯಾಲ್ಕ್ಯುಲೇಟರಿನ ಅಂಕಗಳೂ ಆಸನ್ನವಿಚಾರವೂ

ಶಾಸನಗಳ ಕಾಲನಿರ್ಣಯದಲ್ಲಿ ತೊಡಗಿದ ವಿದ್ವಾಂಸರು ಬಹುಕಾಲ ಕೋಷ್ಟಕಗಳನ್ನೇ ಆಶ್ರಯಿಸಿದ್ದರು. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಪ್ರಕಟಿಸಿದ ಗ್ರಂಥವೂ, ಸ್ವಾಮಿಕಣ್ಣು ಪಿಳ್ಳೆಯವರು ೧೯೨೨ರಲ್ಲಿ ಹೊರತಂದ ಸಂಪುಟಗಳೂ ಈ ಕಾರ್ಯಕ್ಕೆ ಆಧಾರಗಳಾಗಿದ್ದವು. ಈಗ ಅಂಗೈಯಲ್ಲಿ ಹಿಡಿಯುವ ಕ್ಯಾಲ್ಕ್ಯುಲೇಟರ್ ಯಂತ್ರವಿರುವುದರಿಂದ ಸಿದ್ಧಾಂತದ ಮೂಲಾಂಕಗಳನ್ನೇ ತೆಗೆದುಕೊಂಡು ಯಾರಾದರೂ ತಿಥಿಯನ್ನು ಸಾಧಿಸಬಹುದು. ಇದು ಲಾಭವೇ ಸರಿ. ಆದರೆ ಈ ಲಾಭದೊಡನೆ ಒಂದು ಭ್ರಾಂತಿಯೂ ಬಂದಿದೆ. ಯಂತ್ರವು ಹತ್ತು ಅಂಕಗಳನ್ನು ತೋರಿಸಿದರೆ ಹತ್ತೂ ಸತ್ಯವೆಂದೂ, ತೋರಿದ ಸಂಖ್ಯೆಯೇ ಯಂತ್ರದೊಳಗಿನ ಸಂಖ್ಯೆಯೆಂದೂ ನಾವು ನಂಬಿಬಿಡುತ್ತೇವೆ. ಈ ಎರಡು ನಂಬಿಕೆಗಳೂ ಪೂರ್ಣವಾಗಿ ಸರಿಯಲ್ಲ. ಯಂತ್ರವು ಅಂಕಗಳನ್ನು ಹೇಗೆ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ, ಆ ಬಿಡುವಿಕೆಯಿಂದ ನಮ್ಮ ಶೋಧನೆಗೆ ಯಾವ ಬಾಧೆ ಬರಬಹುದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಆಸನ್ನವೆಂದರೇನು

ಈ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಕ್ರಿ. ಶ. ೪೯೯ರ ಕಾಲದ ಆರ್ಯಭಟನು ೨೦೦೦೦ ವ್ಯಾಸವುಳ್ಳ ವೃತ್ತಕ್ಕೆ ೬೨೮೩೨ ಪರಿಧಿಯೆಂದು ಹೇಳಿ, ಆ ಮಾನವನ್ನು ‘ಆಸನ್ನ’ ಎಂಬ ಶಬ್ದದಿಂದ ವಿಶೇಷಿಸಿದ್ದಾನೆ. ಸೂಕ್ಷ್ಮವಾಗಿ ಗಣಿಸಿದರೆ ಆ ಪರಿಧಿ ೬೨೮೩೧.೮೫ರಷ್ಟಾಗುತ್ತದೆ. ಅವನ ಭಾಷ್ಯಕಾರನಾದ ನೀಲಕಂಠ ಸೋಮಯಾಜಿಯು ಈ ಪದದ ಆಶಯವನ್ನು ಬಿಡಿಸಿ ತೋರಿಸಿದ್ದಾನೆ: ಯಾವ ಮಾನದಿಂದ ಅಳೆದರೆ ವ್ಯಾಸವು ನಿಶ್ಶೇಷವಾಗುವುದೋ ಅದೇ ಮಾನದಿಂದ ಅಳೆದಾಗ ಪರಿಧಿಯಲ್ಲಿ ಶೇಷವುಳಿಯುತ್ತದೆ, ಆ ಶೇಷವನ್ನು ಎಷ್ಟು ಸಣ್ಣದಾಗಿಸಿದರೂ ಇಲ್ಲವೆನಿಸಲಾಗದು.

ಆಸನ್ನತೆಗೆ ಇನ್ನೊಂದು ಕಾರಣವೂ ಉಂಟು. ಸಂಖ್ಯೆಯು ಮುಂದುವರಿಯುವುದಾದರೂ ವ್ಯವಹಾರಸೌಕರ್ಯಕ್ಕಾಗಿ ನಾವೇ ಅದನ್ನು ಒಂದೆಡೆ ನಿಲ್ಲಿಸುತ್ತೇವೆ. ೨೧೬೦೦ ಕಲೆಗಳ ಪರಿಧಿಗೆ ತ್ರಿಜ್ಯೆಯು ೩೪೩೭.೭೫ರ ಸಮೀಪದಲ್ಲಿದ್ದರೂ ಜ್ಯಾಕೋಷ್ಟಕಗಳಲ್ಲಿ ೩೪೩೮ ಎಂದೇ ಗ್ರಹಿಸಿದ್ದಾರೆ. ಶೇಷವು ಅರ್ಧಕ್ಕಿಂತ ಅಧಿಕವಾದರೆ ಒಂದನ್ನು ಕೂಡಿಸುವುದು, ಕಡಮೆಯಾದರೆ ಬಿಡುವುದು ಎಂಬ ಕ್ರಮವೇ ಇಲ್ಲಿರುವುದು. ಹೀಗೆ ಸ್ವಭಾವದಿಂದ ಆಸನ್ನವಾದುದು ಒಂದು, ನಾವು ನಿಲ್ಲಿಸಿದ್ದರಿಂದ ಆಸನ್ನವಾದುದು ಇನ್ನೊಂದು. ಯಂತ್ರದಲ್ಲಿ ಈ ಎರಡೂ ನಡೆಯುತ್ತವೆ; ವ್ಯತ್ಯಾಸವಿಷ್ಟೆ, ಗ್ರಂಥಕಾರನು ಆಸನ್ನವೆಂದು ಬಾಯಿಬಿಟ್ಟು ಹೇಳುತ್ತಾನೆ, ಯಂತ್ರವು ಹೇಳುವುದಿಲ್ಲ.

೨. ಯಂತ್ರದೊಳಗಿನ ಅಂಕಸ್ಥಾನಗಳು

ಜ್ಯಾ, ಲಾಗರಿತಮ್ ಮೊದಲಾದವುಗಳನ್ನು ಗಣಿಸಬಲ್ಲ ಮೊದಲ ಕೈಯಂತ್ರವನ್ನು ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯು ೧೯೭೨ರಲ್ಲಿ ‘ಎಚ್‌ಪಿ-೩೫’ ಎಂಬ ಹೆಸರಿನಿಂದ ಹೊರತಂದಿತು. ಅದರಲ್ಲಿ ಒಂದು ಸಂಖ್ಯೆಗೆ ಹದಿನಾಲ್ಕು ಮನೆಗಳಿದ್ದವು: ಹತ್ತು ಮನೆಗಳು ಅಂಕಗಳಿಗೆ, ಎರಡು ಹತ್ತರ ಘಾತಕ್ಕೆ, ಉಳಿದೆರಡು ಧನಋಣಚಿಹ್ನೆಗಳಿಗೆ. ಆದಕಾರಣ ಎಷ್ಟು ದೊಡ್ಡ ಸಂಖ್ಯೆಯಾದರೂ, ಎಷ್ಟು ಸಣ್ಣದಾದರೂ, ಅದರ ಮೊದಲ ಹತ್ತು ಅಂಕಗಳಿಗೆ ಮಾತ್ರ ಅಲ್ಲಿ ಎಡೆಯುಂಟು. ಹನ್ನೊಂದನೆಯದು ಹೊರಗೆ ನಿಲ್ಲಬೇಕು.

ಈ ಯಂತ್ರಗಳಲ್ಲಿ ಹೆಚ್ಚಿನವು ಪ್ರತಿಯೊಂದು ದಶಮಾಂಕವನ್ನೂ ಬೇರೆಬೇರೆಯಾಗಿ ನಾಲ್ಕು ದ್ವಿಮಾನಚಿಹ್ನೆಗಳಿಂದ ಬರೆದಿಡುತ್ತವೆ. ದೊಡ್ಡ ಕಂಪ್ಯೂಟರುಗಳಾದರೋ ಸಾಮಾನ್ಯವಾಗಿ ಇಡೀ ಸಂಖ್ಯೆಯನ್ನೇ ದ್ವಿಮಾನಕ್ಕೆ ತಿರುಗಿಸುತ್ತವೆ. ಹತ್ತನೆಯ ಒಂದು ಭಾಗವು ದಶಮಾನದಲ್ಲಿ ೦.೧ ಎಂದು ಮುಗಿಯುವುದಾದರೂ ದ್ವಿಮಾನದಲ್ಲಿ ಮುಗಿಯುವುದಿಲ್ಲ. ನಮ್ಮಲ್ಲಿ ಮೂರನೆಯ ಒಂದು ಭಾಗವು ೦.೩೩೩ ಎಂದು ನಿಲ್ಲದೆ ಓಡುವಂತೆ ಅದೂ ಓಡುತ್ತದೆ. ಆದ್ದರಿಂದಲೇ ಅಂತಹ ಕಂಪ್ಯೂಟರುಗಳಲ್ಲಿ ೦.೧ಕ್ಕೆ ೦.೨ನ್ನು ಕೂಡಿಸಿದಾಗ ೦.೩೦೦೦೦೦೦೦೦೦೦೦೦೦೦೦೪ ಎಂಬ ಉತ್ತರ ಕಾಣಿಸಿಕೊಳ್ಳುವುದುಂಟು. ಕೈಯಂತ್ರವು ಈ ಒಂದು ದೋಷದಿಂದ ಮುಕ್ತವಾಗಿದೆ. ಮೂರನೆಯ ಒಂದು ಭಾಗದ ದೋಷದಿಂದ ಅದೂ ಮುಕ್ತವಲ್ಲ.

ಜ್ಯಾಗಣನೆಯ ಕ್ರಮವನ್ನೂ ಇಲ್ಲಿ ತಿಳಿಯಬೇಕು. ಸಿದ್ಧಾಂತಗಳಲ್ಲಿರುವಂತೆ ಇಪ್ಪತ್ತನಾಲ್ಕು ಜ್ಯೆಗಳ ಪಟ್ಟಿ ಈ ಯಂತ್ರದಲ್ಲಿಲ್ಲ. ಜಾಕ್ ವೋಲ್ಡರ್ ಎಂಬವರು ೧೯೫೯ರಲ್ಲಿ ಪ್ರಕಟಿಸಿದ ‘ಕಾರ್ಡಿಕ್’ ಎಂಬ ಕ್ರಮವನ್ನು ಎಚ್‌ಪಿ-೩೫ ದಶಮಾನಕ್ಕೆ ಹೊಂದಿಸಿಕೊಂಡಿತು. ಇದರಲ್ಲಿ ಕೆಲವೇ ಸ್ಥಿರಕೋನಗಳನ್ನು ನೆನಪಿನಲ್ಲಿಟ್ಟುಕೊಂಡು, ಬೇಕಾದ ಕೋನವು ಮುಗಿಯುವವರೆಗೆ ಸಣ್ಣ ಸಣ್ಣ ಭ್ರಮಣಗಳನ್ನು ಮಾಡುತ್ತಾ, ಸಂಕಲನ ವ್ಯವಕಲನ ಮತ್ತು ಸ್ಥಾನಪಲ್ಲಟಗಳಿಂದಲೇ ಫಲವನ್ನು ಪಡೆಯಲಾಗುತ್ತದೆ. ಒಂದೊಂದು ಮೆಟ್ಟಿಲಲ್ಲಿಯೂ ಕಡೆಯ ಅಂಕ ಸ್ವಲ್ಪ ಸ್ವಲ್ಪ ಕೆಡುವುದರಿಂದ, ಹತ್ತು ಅಂಕ ಶುದ್ಧವಾಗಿ ಉಳಿಯಬೇಕಾದರೆ ಒಳಗೆ ಹತ್ತಕ್ಕಿಂತ ಹೆಚ್ಚು ಅಂಕಗಳಿರಬೇಕು. ಕೆಡುವುದನ್ನು ತಾವೇ ಹೊತ್ತುಕೊಂಡು ಮುಂದಿನವನ್ನು ಕಾಪಾಡುವ ಈ ಅಂಕಗಳನ್ನು ರಕ್ಷಾಂಕಗಳೆಂದು ಕರೆಯೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ೧೯೭೭ರ ‘ಟಿಐ-೫೯’ ಯಂತ್ರವು ಒಳಗೆ ಹದಿಮೂರು ಅಂಕಗಳನ್ನಿಟ್ಟುಕೊಂಡು ಹೊರಗೆ ಹತ್ತನ್ನು ತೋರಿಸುತ್ತಿತ್ತು. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಕಾಣುವ ಕ್ಯಾಸಿಯೊ ‘ಎಫ್‌ಎಕ್ಸ್-೯೯೧ಇಎಸ್’ ಯಂತ್ರದಲ್ಲಿ ಒಳಗೆ ಹದಿನೈದು, ಹೊರಗೆ ಹತ್ತು.

೩. ಎರಡು ಸಂಪ್ರದಾಯಗಳು

ರಕ್ಷಾಂಕಗಳನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಯಂತ್ರಕಾರರಲ್ಲಿ ಎರಡು ಪಕ್ಷಗಳಾದವು.

ಒಂದು ಪಕ್ಷದವರು ಅವುಗಳನ್ನು ಮರೆಯಲ್ಲಿಯೇ ಇಟ್ಟು ಮುಂದಿನ ಗಣನೆಗೆ ಒಯ್ಯುತ್ತಾರೆ. ಹದಿಮೂರು ಅಂಕಗಳ ಯಂತ್ರದಲ್ಲಿ ಒಂದನ್ನು ಮೂರರಿಂದ ಭಾಗಿಸಿ ಮತ್ತೆ ಮೂರರಿಂದ ಗುಣಿಸಿದರೆ ಒಳಗೆ ಹದಿಮೂರು ಒಂಬತ್ತುಗಳ ಸಾಲು ನಿಲ್ಲುತ್ತದೆ. ಹತ್ತು ಅಂಕಗಳಿಗೆ ಇಳಿಸಿದಾಗ ಹೊರಗೆ ‘೧’ ಎಂದು ತೋರುತ್ತದೆ. ನೋಡುವವನಿಗೆ ಸಮಾಧಾನ. ಆದರೆ ಆ ‘೧’ರಿಂದ ಒಂದನ್ನು ಕಳೆದರೆ ಸೊನ್ನೆ ಬಾರದೆ, ಒಂದನ್ನು ಹತ್ತು ಲಕ್ಷ ಕೋಟಿಯಿಂದ ಭಾಗಿಸಿದಷ್ಟು ಋಣಸಂಖ್ಯೆಯು ಹೊರಬೀಳುತ್ತದೆ.

ಇನ್ನೊಂದು ಪಕ್ಷದವರು ಪ್ರತಿಯೊಂದು ಕ್ರಿಯೆಯನ್ನೂ ಒಳಗೆ ಹದಿಮೂರು ಅಂಕಗಳಲ್ಲಿ ನಡೆಸಿ, ಕ್ರಿಯೆ ಮುಗಿದೊಡನೆ ಹತ್ತಕ್ಕೆ ಇಳಿಸಿ ರಕ್ಷಾಂಕಗಳನ್ನು ತ್ಯಜಿಸುತ್ತಾರೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ೧೯೮೨ರ ‘ಎಚ್‌ಪಿ-೧೫ಸಿ’ ಈ ಮಾರ್ಗದ್ದು. ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಲಿಯಂ ಕಾಹನ್ ಈ ಸಂಸ್ಥೆಗೆ ಸಲಹೆಗಾರರಾಗಿದ್ದರು. ಇಲ್ಲಿ ಮೇಲಿನ ಲೆಕ್ಕವನ್ನೇ ಮಾಡಿದರೆ ಒಳಗೆ ಉಳಿಯುವುದು ೦.೯೯೯೯೯೯೯೯೯೯. ಅದರ ಆಚೆಗೆ ಮರೆಯಲ್ಲಿ ಯಾವ ಅಂಕವೂ ಇಲ್ಲ. ಉತ್ತರ ಅಂದವಾಗಿಲ್ಲದಿರಬಹುದು, ಆದರೆ ಹತ್ತು ಅಂಕಗಳ ೦.೩೩೩೩೩೩೩೩೩೩ ಎಂಬ ಸಂಖ್ಯೆಯನ್ನು ಮೂರರಿಂದ ಗುಣಿಸಿದರೆ ಬರತಕ್ಕದ್ದು ಅದೇ.

ಈ ಪಕ್ಷದ ನ್ಯಾಯವು ಜ್ಯಾಗಣನೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಅರ್ಧವೃತ್ತದ ಜ್ಯೆಯು ಸೊನ್ನೆಯೆಂದು ಎಲ್ಲರೂ ಬಲ್ಲರು. ಆದರೆ ಎಚ್‌ಪಿ-೧೫ಸಿಯಲ್ಲಿ ರೇಡಿಯನ್ ಮಾನವನ್ನಿಟ್ಟು ಪೈ ಗುಂಡಿಯನ್ನೊತ್ತಿ ಜ್ಯೆಯನ್ನು ಕೇಳಿದರೆ ಸುಮಾರು −೦.೦೦೦೦೦೦೦೦೦೪೧ ಎಂಬ ಉತ್ತರ ದೊರೆಯುತ್ತದೆ. ಇದನ್ನು ತಪ್ಪೆನ್ನುವವರು ಒಂದು ಅಂಶವನ್ನು ಮರೆಯುತ್ತಾರೆ. ಯಂತ್ರದಲ್ಲಿರುವುದು ಪೈ ಅಲ್ಲ, ೩.೧೪೧೫೯೨೬೫೪ ಎಂಬ ಅದರ ಆಸನ್ನಮಾನ. ಅದು ನಿಜವಾದ ಪೈಗಿಂತ ೦.೦೦೦೦೦೦೦೦೦೪೧ರಷ್ಟು ಹೆಚ್ಚು. ಆ ಸಂಖ್ಯೆಯ ಜ್ಯೆಯು ಯಂತ್ರ ಹೇಳಿದಷ್ಟೇ ಸರಿ. ಸೊನ್ನೆಯನ್ನು ತೋರಿಸುವ ಯಂತ್ರವು ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆಗೆ ಉತ್ತರ ಕೊಡುತ್ತದೆ; ಇದು ನಾವು ಕೇಳಿದ ಪ್ರಶ್ನೆಗೆ ಕೊಡುತ್ತದೆ. ಓಲೆಯ ಪ್ರತಿಯಲ್ಲಿರುವ ಪಾಠವನ್ನು ಇದ್ದಂತೆಯೇ ಕೊಡುವ ಸಂಪಾದಕನಿಗೂ, ಇರಬೇಕಾದುದನ್ನು ಊಹಿಸಿ ತಿದ್ದಿ ಕೊಡುವವನಿಗೂ ಇರುವ ಅಂತರವೇ ಇದು.

ಮೊದಲ ಪಕ್ಷದ ಯಂತ್ರಗಳಲ್ಲಿಯೂ ತೋರಿದ್ದನ್ನೇ ನಿಜವಾಗಿಸುವ ಉಪಾಯವುಂಟು. ಕ್ಯಾಸಿಯೊ ಯಂತ್ರವನ್ನು ಎರಡು ದಶಮಾಂಶಗಳಿಗೆ ನಿಲ್ಲಿಸಿ ೧೦೦೦ವನ್ನು ೭ರಿಂದ ಭಾಗಿಸಿದರೆ ೧೪೨.೮೬ ಎಂದು ತೋರುತ್ತದೆ. ಮತ್ತೆ ೭ರಿಂದ ಗುಣಿಸಿದರೆ ೧೦೦೦.೦೦ ಬರುತ್ತದೆ, ಏಕೆಂದರೆ ಒಳಗೆ ಪೂರ್ಣಸಂಖ್ಯೆ ಉಳಿದಿತ್ತು. ನಡುವೆ ‘ಆರ್‌ಎನ್‌ಡಿ’ ಎಂಬ ಗುಂಡಿಯನ್ನೊತ್ತಿದರೆ ಒಳಗಿನದೂ ೧೪೨.೮೬ ಆಗಿಬಿಡುತ್ತದೆ, ಗುಣಲಬ್ಧ ೧೦೦೦.೦೨ ಬರುತ್ತದೆ. ತೋರಿದ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು ಪುನಃ ಯಂತ್ರಕ್ಕೆ ಉಣಿಸುವವನು ಅರಿಯದೆಯೇ ಈ ಗುಂಡಿಯನ್ನು ಒತ್ತಿದಂತಾಯಿತು.

೪. ಅರ್ಧದ ವಿಷಯ

ಶೇಷವು ಸರಿಯಾಗಿ ಅರ್ಧವೇ ಆದಾಗ ಏನು ಮಾಡತಕ್ಕದ್ದು? ಕೈಯಂತ್ರಗಳು ಸಾಮಾನ್ಯವಾಗಿ ಏರಿಸುತ್ತವೆ: ೨.೫ ಎಂಬುದು ೩ ಆಗುತ್ತದೆ. ಕಂಪ್ಯೂಟರುಗಳಿಗಾಗಿ ೧೯೮೫ರಲ್ಲಿ ವಿಧಿಸಲ್ಪಟ್ಟ ‘ಐಇಇಇ ೭೫೪’ ಎಂಬ ನಿಬಂಧನೆಯಾದರೋ ಅರ್ಧವನ್ನು ಸಮಸಂಖ್ಯೆಯ ಕಡೆಗೆ ಒಯ್ಯುವುದನ್ನು ಸಾಮಾನ್ಯಕ್ರಮವಾಗಿ ಹೇಳುತ್ತದೆ: ೨.೫ ಎಂಬುದು ೨, ೩.೫ ಎಂಬುದು ೪. ಕಾರಣ ಸುಲಭ. ೦.೫, ೧.೫, ೨.೫, ೩.೫ ಇವುಗಳ ಮೊತ್ತ ೮. ಎಲ್ಲವನ್ನೂ ಏರಿಸಿ ಕೂಡಿಸಿದರೆ ೧೦. ಸಮಸಂಖ್ಯೆಗೆ ಒಯ್ದು ಕೂಡಿಸಿದರೆ ೮ ಉಳಿಯುತ್ತದೆ.

ಇದಕ್ಕಿಂತ ಅಪಾಯಕರವಾದುದು ಒಂದೇ ಸಂಖ್ಯೆಯನ್ನು ಎರಡು ಸಲ ಇಳಿಸುವುದು. ೪.೪೮ನ್ನು ನೇರವಾಗಿ ಪೂರ್ಣಾಂಕಕ್ಕೆ ತಂದರೆ ೪. ಮೊದಲು ೪.೫ ಎಂದು ಮಾಡಿಕೊಂಡು ಅನಂತರ ತಂದರೆ ೫. ಒಬ್ಬರು ಇಳಿಸಿ ಅಚ್ಚು ಹಾಕಿಸಿದ ಅಂಕವನ್ನು ಮತ್ತೊಬ್ಬರು ಪುನಃ ಇಳಿಸಿ ಬಳಸಿಕೊಳ್ಳುವಾಗ ಇದು ಸಂಭವಿಸುತ್ತದೆ.

೫. ತಿಥಿಸಾಧನದಲ್ಲಿ ಅಂಕನಾಶ

ಈಗ ನಮ್ಮ ಪ್ರಯೋಜನಕ್ಕೆ ಬರೋಣ. ಪ್ರಚಲಿತ ಸೂರ್ಯಸಿದ್ಧಾಂತದಂತೆ ಒಂದು ಮಹಾಯುಗದ ೧೫೭೭೯೧೭೮೨೮ ಸಾವನದಿನಗಳಲ್ಲಿ ಚಂದ್ರನ ಭಗಣಗಳು ೫೭೭೫೩೩೩೬. ಇದರಿಂದ ಚಂದ್ರನ ದಿನಗತಿಯು ೧೩.೧೭೬೩೫೨೧೫ ಭಾಗೆಗಳಾಗುತ್ತದೆ. ಯಂತ್ರವನ್ನು ನಾಲ್ಕು ದಶಮಾಂಶಗಳಿಗೆ ನಿಲ್ಲಿಸಿಟ್ಟವನು ಇದನ್ನು ೧೩.೧೭೬೪ ಎಂದು ಕಾಣುತ್ತಾನೆ. ಆರು ಅಂಕಗಳಿವೆಯಲ್ಲವೆ, ಸಾಕೆಂದು ಬರೆದುಕೊಳ್ಳುತ್ತಾನೆ.

ಕಲ್ಯಹರ್ಗಣ ೧೫ ಲಕ್ಷವೆಂದಿಟ್ಟುಕೊಳ್ಳೋಣ. ಇದು ಕ್ರಿ. ಶ. ೧೦೦೫ರ ಸುಮಾರಿಗೆ, ಎಂದರೆ ಕಲ್ಯಾಣ ಚಾಲುಕ್ಯರ ಆಳಿಕೆಯ ಮೊದಲ ಭಾಗಕ್ಕೆ ಬರುತ್ತದೆ. ೧೩.೧೭೬೪ರಿಂದ ಗುಣಿಸಿ ಪೂರ್ಣಭಗಣಗಳನ್ನು ಕಳೆದರೆ ಮಧ್ಯಮಚಂದ್ರನು ೨೪೦ ಭಾಗೆಗಳಲ್ಲಿ ನಿಲ್ಲುತ್ತಾನೆ. ಹಾಗೆ ಮಾಡದೆ ಯುಗಭಗಣಗಳನ್ನೇ ಅಹರ್ಗಣದಿಂದ ಗುಣಿಸಿ, ಕಡೆಯಲ್ಲಿ ಯುಗದಿನಗಳಿಂದ ಭಾಗಿಸಿದರೆ ಹತ್ತು ಅಂಕಗಳ ಯಂತ್ರವು ೫೪೯೦೧.೪೬೭೨೮ ಎಂದು ತೋರಿಸುತ್ತದೆ. ಪೂರ್ಣಾಂಕವನ್ನು ಬಿಟ್ಟು ಉಳಿದುದನ್ನು ೩೬೦ರಿಂದ ಗುಣಿಸಿದರೆ ೧೬೮.೨೨ ಭಾಗೆಗಳು. ಎರಡಕ್ಕೂ ಅಂತರ ೭೧.೭೮ ಭಾಗೆ. ಹನ್ನೆರಡು ಭಾಗೆಗಳಿಗೆ ಒಂದು ತಿಥಿಯಾದ್ದರಿಂದ ಇದು ಆರು ತಿಥಿಗಳಿಗೆ ಅತಿ ಸಮೀಪ. ಶುದ್ಧ ಪಂಚಮಿಯು ಏಕಾದಶಿಯಾಗಿ ಹೊರಬಂದೀತು!

ದೋಷ ಎಲ್ಲಿ ಹುಟ್ಟಿತು? ಐದನೆಯ ದಶಮಾಂಶದಲ್ಲಿ ಬಿಟ್ಟ ಅಲ್ಪಭಾಗವು ಹದಿನೈದು ಲಕ್ಷದಿಂದ ಗುಣಿತವಾಯಿತು. ಗುಣಲಬ್ಧದಲ್ಲಿ ಮುಂದಿನ ಅಂಕಗಳೆಲ್ಲವೂ ಪೂರ್ಣಭಗಣಗಳಿಗೆ ಸೇರಿದವು. ಅವು ನಮಗೆ ಬೇಡವೆಂದು ಕಳೆದೆವು. ಶುದ್ಧವಾಗಿದ್ದ ಅಂಕಗಳು ಹೋಗಿ ಕೆಟ್ಟವು ಉಳಿದವು. ದೊಡ್ಡ ಸಂಖ್ಯೆಗಳಲ್ಲಿ ದೊಡ್ಡದನ್ನು ಕಳೆದು ಸಣ್ಣ ಶೇಷವನ್ನು ಹಿಡಿಯುವಲ್ಲೆಲ್ಲ ಈ ಅಂಕನಾಶವುಂಟು. ದಿನಗತಿಯ ಎಂಟು ದಶಮಾಂಶಗಳನ್ನೂ ಇಟ್ಟುಕೊಂಡಿದ್ದರೆ ದೋಷವು ಒಂದು ಭಾಗೆಯ ನೂರನೆಯ ಅಂಶವನ್ನೂ ಮುಟ್ಟುತ್ತಿರಲಿಲ್ಲ.

ಇಲ್ಲಿ ಪೂರ್ವಾಚಾರ್ಯರ ಒಂದು ಜಾಣ್ಮೆಯು ಎದ್ದು ಕಾಣುತ್ತದೆ. ಅವರು ಗ್ರಹಗತಿಯ ಮೂಲವನ್ನು ದಿನಕ್ಕಿಷ್ಟೆಂದು ಭಿನ್ನರೂಪದಲ್ಲಿ ಹೇಳದೆ, ಇಷ್ಟು ದಿನಗಳಿಗೆ ಇಷ್ಟು ಭಗಣಗಳೆಂದು ಪೂರ್ಣಾಂಕಗಳಲ್ಲಿ ಹೇಳಿದರು. ಪೂರ್ಣಾಂಕದಲ್ಲಿ ಬಿಡತಕ್ಕ ಶೇಷವಿಲ್ಲ. ಗುಣಾಕಾರ ಮೊದಲು, ಭಾಗಾಕಾರ ಕಡೆಗೆ ಎಂಬ ತ್ರೈರಾಶಿಕದ ಕ್ರಮವನ್ನು ಪಾಲಿಸಿದರೆ ಇಳಿಸುವ ಪ್ರಸಂಗ ಬರುವುದು ಕೊನೆಗೇ.

೬. ಫಲಿತಾಂಶ

ಈ ವಿವೇಚನೆಯಿಂದ ಸಿದ್ಧಿಸುವ ನಿಯಮಗಳು ಕೆಲವೇ. ನಡುವಿನ ಫಲವನ್ನು ಕಾಗದಕ್ಕೆ ಬರೆದು ಮತ್ತೆ ಒತ್ತದೆ ಯಂತ್ರದ ಸ್ಮೃತಿಯಲ್ಲಿಯೇ ಇಡತಕ್ಕದ್ದು. ಬರೆಯಲೇಬೇಕಾದರೆ ತೋರುವಷ್ಟನ್ನೂ ಬರೆಯತಕ್ಕದ್ದು. ಇಳಿಸುವುದನ್ನು ಒಮ್ಮೆ ಮಾತ್ರ, ಕಡೆಯಲ್ಲಿ ಮಾಡತಕ್ಕದ್ದು. ಬಂದ ಉತ್ತರದಲ್ಲಿ ಎಷ್ಟು ಅಂಕಗಳು ಪೂರ್ಣಭಗಣಗಳಿಗೆ ವ್ಯಯವಾದವೆಂದು ಎಣಿಸಿ, ಉಳಿದವನ್ನು ಮಾತ್ರ ನಂಬತಕ್ಕದ್ದು. ಅಂಕಗಳ ಸೂಕ್ಷ್ಮತೆ ಬೇರೆ, ಯಾಥಾರ್ಥ್ಯ ಬೇರೆ ಎಂಬುದನ್ನೂ ಮರೆಯಲಾಗದು: ಶಾಸನಕಾಲದ ಜೋಯಿಸನು ಬೇರೊಂದು ಸಿದ್ಧಾಂತವನ್ನು ಅನುಸರಿಸಿದ್ದರೆ ನಮ್ಮ ಹತ್ತು ಅಂಕಗಳು ಅವನ ಪಂಚಾಂಗವನ್ನು ಮುಟ್ಟಲಾರವು. ಮಧ್ಯಮಚಂದ್ರನಿಗೆ ಮಂದಫಲಸಂಸ್ಕಾರವೂ ಆಗಬೇಕು.

ತಿಥಿಯೂ ವಾರವೂ ಹೊಂದದ ತಾಮ್ರಪಟವನ್ನು ಕೂಟಶಾಸನವೆಂದು ಶಂಕಿಸುವುದು ನಮ್ಮಲ್ಲಿ ರೂಢಿ. ಅಂತಹ ಒಂದು ಮಾತಿನಿಂದ ಒಬ್ಬ ರಾಜನ ಆಳಿಕೆಯ ವರ್ಷಗಳೂ, ಅವನ ಆಶ್ರಯದಲ್ಲಿದ್ದ ಕವಿಯ ಕಾಲವೂ ಕದಲುತ್ತವೆ. ಲಿಪಿಕಾರನ ಮೇಲೆ ದೋಷ ಹೊರಿಸುವ ಮುನ್ನ ಗಣಕನು ತನ್ನ ದಶಮಾಂಶಗಳನ್ನು ಪರೀಕ್ಷಿಸಿಕೊಳ್ಳುವುದು ನ್ಯಾಯ. ಆದ್ದರಿಂದ ತಿಥಿನಿರ್ಣಯವನ್ನು ಪ್ರಕಟಿಸುವವರು ಯಾವ ಸಿದ್ಧಾಂತದ ಯಾವ ಮೂಲಾಂಕಗಳನ್ನು ಗ್ರಹಿಸಿದರು, ಎಷ್ಟು ಅಂಕಗಳಲ್ಲಿ ಗಣಿಸಿದರು, ಎಲ್ಲಿ ಇಳಿಸಿದರು ಎಂಬ ಮೂರು ಸಂಗತಿಗಳನ್ನು ಒಂದೆರಡು ಪಂಕ್ತಿಗಳಲ್ಲಿ ಸೂಚಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆರ್ಯಭಟನು ಒಂದೇ ಶಬ್ದದಿಂದ ಮಾಡಿದ ಕೆಲಸವಿದು. ನಮಗೆ ಎರಡು ಪಂಕ್ತಿಗಳು ಭಾರವಾಗಲಾರವು.