ಹನ್ನೆರಡು ಪದಗಳ ಬೀಗದ ಕೈ

ಮನೆಯ ಯಜಮಾನ ಒಡವೆಯನ್ನು ಹಿತ್ತಲಲ್ಲಿ ಹೂತಿಟ್ಟು, ಆ ಜಾಗವನ್ನು ಯಾರಿಗೂ ಹೇಳದೆ ಕಣ್ಮುಚ್ಚಿದನೆಂಬ ಕಥೆಯನ್ನು ಅಜ್ಜಿಯ ಬಾಯಿಂದ ನಾವೆಲ್ಲ ಕೇಳಿದವರೇ. ಅದೇ ಕಥೆ ಈಗ ಹೊಸ ವೇಷದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊ ನಾಣ್ಯ ಕೊಂಡವರು ನಮ್ಮ ಮಕ್ಕಳಲ್ಲಿ ಕೆಲವರಾದರೂ ಉಂಟು. ಕೊಂಡದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಕೊಂಡದ್ದನ್ನು ಕಾಪಾಡುವ ಬಗೆಯಷ್ಟೇ ಇಲ್ಲಿಯ ವಿಚಾರ.

ಬ್ರಿಟನ್ನಿನ ವೇಲ್ಸ್ ಸೀಮೆಯ ನ್ಯೂಪೋರ್ಟಿನಲ್ಲಿ ಜೇಮ್ಸ್ ಹೊವೆಲ್ಸ್ ಎಂಬವರ ಹಳೆಯ ಹಾರ್ಡ್ ಡಿಸ್ಕೊಂದು 2013ರಲ್ಲಿ ಕಣ್ತಪ್ಪಿನಿಂದ ಕಸದ ಪಾಲಾಯಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಗುಪ್ತ ಕೀಲಿ ಅದರಲ್ಲಿತ್ತು. ಕಸದ ದಿಬ್ಬವನ್ನು ಅಗೆಯಲು ನಗರಸಭೆ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಹೈಕೋರ್ಟು ಕೂಡ ಅವರ ದಾವೆಯನ್ನು ವಜಾ ಮಾಡಿತು.

ಗುಪ್ತ ಕೀಲಿಯೆಂದರೆ ನಾಲಿಗೆಗೆ ಒಗ್ಗದ ಉದ್ದನೆಯ ಅಂಕಿಸಾಲು. ಅದನ್ನು ಸಾಧಾರಣ ಪದಗಳಲ್ಲಿ ಬರೆದಿಡುವ ಕ್ರಮವೊಂದನ್ನು ತಜ್ಞರು ಅದೇ 2013ರಲ್ಲಿ ಮುಂದಿಟ್ಟರು. ಗೊತ್ತುಮಾಡಿದ 2,048 ಇಂಗ್ಲಿಷ್ ಪದಗಳ ಪಟ್ಟಿಯಿಂದ 12 ಅಥವಾ 24 ಪದಗಳನ್ನು ವ್ಯಾಲೆಟ್ ತಾನೇ ಆರಿಸಿಕೊಡುತ್ತದೆ. ಇದಕ್ಕೆ ರಿಕವರಿ ಫ್ರೇಸ್ ಎಂದು ಹೆಸರು. ಫೋನು ನೀರಿಗೆ ಬಿದ್ದರೂ ಚಿಂತೆಯಿಲ್ಲ, ಈ ಪದಗಳನ್ನು ಅದೇ ಕ್ರಮದಲ್ಲಿ ಹೊಸ ಫೋನಿಗೆ ಕೊಟ್ಟರೆ ನಾಣ್ಯ ಮತ್ತೆ ಕೈಗೆ ಬರುತ್ತದೆ. ಕಳ್ಳನಿಗೆ ಸಿಕ್ಕರೂ ಅಷ್ಟೆ. ಅವನಿಗೆ ನಿಮ್ಮ ಪಿನ್ನೂ ಬೇಡ, ಫೋನೂ ಬೇಡ. ದೂರು ಕೊಟ್ಟು ತಡೆಸೋಣವೆಂದರೆ ಬ್ಯಾಂಕ್ ಮ್ಯಾನೇಜರರಂಥವರು ಅಲ್ಲಿ ಯಾರೂ ಇಲ್ಲ. (ನಾಣ್ಯವನ್ನು ಎಕ್ಸ್‌ಚೇಂಜಿನ ಖಾತೆಯಲ್ಲೇ ಬಿಟ್ಟವರಿಗೆ ಈ ಪದಗಳು ದೊರೆಯುವುದಿಲ್ಲ, ಅವರ ಕೀಲಿ ಎಕ್ಸ್‌ಚೇಂಜಿನವರ ಬಳಿ ಇರುತ್ತದೆ.)

ಹೀಗಿರುವಾಗ ಪದಗಳನ್ನು ಫೋನಿನಲ್ಲಿ ಚಿತ್ರ ತೆಗೆದಿಡುವುದು ತರವಲ್ಲ. ಫೋನಿನ ಚಿತ್ರಗಳನ್ನು ಓದಿ ಇಂಥ ಪದಗಳನ್ನು ಹೆಕ್ಕುವ ಕಳ್ಳ ತಂತ್ರಾಂಶಗಳು 2025ರಲ್ಲಿ ಪತ್ತೆಯಾದವು. ವಾಟ್ಸಪ್ಪಿನಲ್ಲಿ, ಇಮೇಲಿನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವವರದೂ ಅದೇ ತಪ್ಪು. ಕಾಗದದ ಮೇಲೆ ಕೈಯಾರೆ, ಸಂಖ್ಯೆ ಹಾಕಿ ಬರೆಯತಕ್ಕದ್ದು. ಮುಂಬಯಿಯ ಮಳೆಗಾಲವನ್ನು ಬಲ್ಲವರು ಶಾಯಿಯನ್ನು ನಂಬರು, ಪೆನ್ಸಿಲ್ ವಾಸಿ. ಇನ್ನೂ ಗಟ್ಟಿಯಾಗಬೇಕೆಂದರೆ ಸ್ಟೀಲಿನ ತಗಡಿನ ಮೇಲೆ ಕೊರೆಯಬಹುದು. ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವುದಿಲ್ಲವಾದ್ದರಿಂದ ಅಷ್ಟು ಕೊರೆದರೂ ಸಾಕು. ಆದರೆ ಪಾತ್ರೆಗೆ ಹೆಸರು ಕೆತ್ತುವವನ ಬಳಿಗೆ ಮಾತ್ರ ಒಯ್ಯಬೇಡಿ! ಎಷ್ಟು ನಂಬಿಗಸ್ತನಾದರೂ ಅವನು ಓದಿಯೇ ಕೆತ್ತಬೇಕಲ್ಲ.

ಪ್ರತಿಗಳು ಎರಡಿರಲಿ, ಎರಡು ಬೇರೆ ಊರಿನಲ್ಲಿದ್ದರೆ ಮತ್ತೂ ಒಳ್ಳೆಯದು. ಜಾಣತನವೆಂದು 12 ಪದಗಳನ್ನು ಆರಾರಾಗಿ ಹರಿದು ಎರಡು ಕಡೆ ಇಡುವವರುಂಟು. ಒಂದು ಚೂರು ಕಳೆದರೆ ಎಲ್ಲವೂ ಹೋಯಿತು. ಒಂದು ಚೂರು ಕಳ್ಳನಿಗೆ ಸಿಕ್ಕರೆ ಅವನ ಕೆಲಸ ಬಹುಪಾಲು ಹಗುರವಾಯಿತು.

ಇನ್ನು ಮನೆಯವರ ಮಾತು. ಉಯಿಲಿನಲ್ಲಿ ಪದಗಳನ್ನೇ ಬರೆದರೆ ಅದನ್ನು ಓದಿದವರೆಲ್ಲ ಒಡೆಯರೇ. ಕಾಗದವಿರುವ ಜಾಗವನ್ನಷ್ಟೇ ತಿಳಿಸಿದರಾಯಿತು. ಮೊದಲು ನೂರಿನ್ನೂರು ರೂಪಾಯಿಯ ನಾಣ್ಯವನ್ನಷ್ಟೇ ಇಟ್ಟು, ಒಂದು ಭಾನುವಾರ ಫೋನಿನಿಂದ ವ್ಯಾಲೆಟ್ಟನ್ನು ಅಳಿಸಿ, ಕಾಗದ ನೋಡಿ ಮರಳಿ ತರುವ ಕೆಲಸವನ್ನು ಮನೆಯಾಕೆಯ ಕೈಯಲ್ಲೇ ಮಾಡಿಸಿ ನೋಡಿ. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಆಕೆ ಎಲ್ಲಿ ತಡವರಿಸುತ್ತಾರೋ, ಕಾಗದದಲ್ಲಿ ಆ ಜಾಗಕ್ಕೆ ಒಂದು ಸಾಲು ವಿವರಣೆ ಸೇರಿಸಿ.