ಮದ್ದೂರಿನ ಮಳೆ, ನಂಜನಗೂಡಿನ ಮೆಟ್ಟಿಲು

ನದಿದಂಡೆ ಅಭಿವೃದ್ಧಿ ಎಂದ ಕೂಡಲೇ ನಾವು ಕಲ್ಲುಹಾಸು, ದೀಪದ ಕಂಬಗಳ ಲೆಕ್ಕಕ್ಕೆ ಇಳಿಯುತ್ತೇವೆ. ಗುಂಡ್ಲು ಹೊಳೆಯ ಉದ್ದಕ್ಕೂ ನೋಡುತ್ತ ಹೋದರೆ, ದಂಡೆಗೆ ಬೆಲೆ ಕಟ್ಟುವ ಕೆಲಸ ಬೇರೆಲ್ಲೋ ಶುರುವಾಗಬೇಕು ಅನ್ನಿಸುತ್ತದೆ.

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವವರಿಗೆ ಮದ್ದೂರು ಎಂದರೆ ಚೆಕ್‌ಪೋಸ್ಟ್. ರಾತ್ರಿ 9ಕ್ಕೆ ಗೇಟು ಬಿದ್ದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. 2009ರಲ್ಲಿ ಶುರುವಾದ ರಾತ್ರಿ ಸಂಚಾರ ನಿಷೇಧದ ದೆಸೆಯಿಂದ ಕಾಡಂಚಿನ ಈ ಊರಿನ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಓಡಾಡಿದೆ. ಹುಲಿ, ಆನೆ, ಲಾರಿ ಇಷ್ಟಕ್ಕೇ ಸುದ್ದಿ ಮುಗಿಯುತ್ತದೆ. ಮದ್ದೂರಿನ ಹಳ್ಳಗಳ ಬಗ್ಗೆ ಯಾರೂ ಬರೆಯುವುದಿಲ್ಲ.

ಬಂಡೀಪುರದ ಕಾಡಂಚಿನಲ್ಲಿ ಬಿದ್ದ ಮಳೆ ಮದ್ದೂರು, ಬೇರಂಬಾಡಿ, ಭೀಮನಬೀಡು ಕಡೆಯ ಹಳ್ಳಗಳಲ್ಲಿ ಇಳಿದು ಗುಂಡ್ಲು ಹೊಳೆಗೆ ಸೇರಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಆ ಹೊಳೆ ಗುಂಡ್ಲುಪೇಟೆಯನ್ನು ಹಾದು, ಬೇಗೂರು ದಾಟಿ, ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು, ಕೂಡುತ್ತದೆ. ಅಲ್ಲಿ ಗುಂಡ್ಲು ಹೊಳೆಯನ್ನು ಕೌಂಡಿನ್ಯ ಎನ್ನುತ್ತಾರೆ. ಕಾಡಂಚಿನ ಹಳ್ಳಿ, ತಾಲ್ಲೂಕು ಪಟ್ಟಣ, ಯಾತ್ರಾಸ್ಥಳ ಮೂರೂ ಒಂದೇ ನೀರಿನ ದಾರಿಯಲ್ಲಿವೆ. ಆದರೆ ಯೋಜನೆ ಬರೆಯುವ ಕಚೇರಿಗಳಲ್ಲಿ ಈ ಮೂರಕ್ಕೆ ಮೂರು ಕಡತ.

ಮೆಟ್ಟಿಲ ಮೇಲಿನ ಬದುಕು

ಯುನೆಸ್ಕೊ 1992ರಲ್ಲಿ ವಿಶ್ವಪರಂಪರೆಯ ನಿಯಮಗಳಿಗೆ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಹೊಸ ವರ್ಗವನ್ನು ಸೇರಿಸಿತು. ಅಲ್ಲಿಯವರೆಗೆ ಕಟ್ಟಡ ಬೇರೆ, ಕಾಡು ಬೇರೆ. ಮನುಷ್ಯರೂ ನಿಸರ್ಗವೂ ಸೇರಿ ರೂಪಿಸಿದ ನೆಲವನ್ನು ಒಟ್ಟಾಗಿಯೇ ನೋಡಬೇಕು, ಒಂದನ್ನು ಕಿತ್ತರೆ ಇನ್ನೊಂದು ಉಳಿಯದು ಎಂಬುದು ಈ ವರ್ಗದ ತಿರುಳು. ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಿಲ್ಲ. ಒಂದು ಸೋಮವಾರ ಬೆಳಿಗ್ಗೆ ನಂಜನಗೂಡಿನ ಸ್ನಾನಘಟ್ಟಕ್ಕೆ ಹೋದರೆ ಸಾಕು.

ಮುಡಿ ಕೊಟ್ಟು ಬಂದ ಬೋಳುತಲೆಯ ಮಕ್ಕಳು ನೀರಿಗಿಳಿಯಲು ಅಳುತ್ತಿರುತ್ತಾರೆ. ಒದ್ದೆ ಬಟ್ಟೆಯಲ್ಲೇ ಉರುಳು ಸೇವೆಗೆ ಹೊರಟವರಿಗೆ ಮನೆಯವರು ದಾರಿ ಬಿಡಿಸುತ್ತಾರೆ. ಮೆಟ್ಟಿಲ ಮೇಲೆ ಹಣ್ಣುಕಾಯಿ ಮಾರುವವರು, ನದಿಯ ನಡುವೆ ಹದಿನಾರು ಕಾಲು ಮಂಟಪ. ದೊಡ್ಡಜಾತ್ರೆಯಲ್ಲಿ ಐದು ತೇರು ಎಳೆದಾದ ಮೇಲೆ ದೇವರು ಕಪಿಲೆಯ ಮೇಲೆ ತೆಪ್ಪದಲ್ಲಿ ಸುತ್ತಬೇಕು. ಇಲ್ಲಿ ನದಿಯನ್ನು ಬಿಟ್ಟು ನಡೆಯುವ ಸೇವೆ ಕಡಿಮೆ.

ಸ್ಥಳಪುರಾಣವಂತೂ ಮಣ್ಣಿನಿಂದಲೇ ಶುರುವಾಗುತ್ತದೆ. ತಾಯಿಯನ್ನು ಕೊಂದ ಪಾಪ ಕಳೆಯಲು ಪರಶುರಾಮ ಕಪಿಲಾ–ಕೌಂಡಿನ್ಯ ಸಂಗಮಕ್ಕೆ ಬಂದ. ಪೊದೆ ಕಡಿಯುವಾಗ ಅವನ ಕೊಡಲಿ ಶಿವನ ತಲೆಗೆ ತಾಗಿ ರಕ್ತ ಚಿಮ್ಮಿತು. ಶಿವನೇ ಹೇಳಿದಂತೆ ಮಣ್ಣು ಮೆತ್ತಿದಾಗ ರಕ್ತ ನಿಂತಿತು. ಆ ಮೃತ್ತಿಕೆ ಇವತ್ತಿಗೂ ರೋಗ ಕಳೆಯುವ ಪ್ರಸಾದ. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಯಿತೆಂದು ಅವನು ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಲಿಂಗ ಕೊಟ್ಟ ಕಥೆಯನ್ನೂ ಊರು ಮರೆತಿಲ್ಲ. ದೇವರು ವೈದ್ಯ, ಹೊಳೆದಂಡೆಯ ಮಣ್ಣು ಔಷಧ.

ಮಣ್ಣಿನ ಗುಣ ಪುರಾಣಕ್ಕಷ್ಟೇ ಸೇರಿದ್ದಲ್ಲ. ಭೌಗೋಳಿಕ ಗುರುತು ಪಡೆದ ನಂಜನಗೂಡು ರಸಬಾಳೆಗೆ ದೇವರಸನಹಳ್ಳಿ ಸುತ್ತಿನ ಕಪ್ಪು ಜೇಡಿಮಣ್ಣಿನಿಂದಲೇ ಆ ರುಚಿ ಎನ್ನುತ್ತಾರೆ. ಪನಾಮಾ ಸೊರಗು ರೋಗ ತಗುಲಿ ಅದರ ತೋಟಗಳು ಬೆರಳೆಣಿಕೆಗೆ ಇಳಿದವು. ನದಿ ದಾಟುವ ಹಳೆಯ ಸೇತುವೆಯನ್ನು ಕಳಲೆಯ ದಳವಾಯಿಗಳು ಕಟ್ಟಿಸಿದ್ದು 1735ರಲ್ಲಿ. ಮುಂದೆ ರಸ್ತೆಯೂ ರೈಲೂ ಎರಡೂ ಅದರ ಮೇಲೆಯೇ ಹಾದವು. ಸ್ನಾನ, ಸೇತುವೆ, ಬಾಳೆ, ಮೃತ್ತಿಕೆ ಇವೆಲ್ಲ ಒಟ್ಟಿಗಿರುವ ಜಾಗಕ್ಕೆ ಬೆಲೆ ಕಟ್ಟುವುದು ಹೇಗೆ? ಚದರ ಮೀಟರಿಗೆ ಇಷ್ಟು ಗ್ರಾನೈಟ್ ಎಂಬ ಅಂದಾಜು ಪಟ್ಟಿಯಲ್ಲಿ ಇವಕ್ಕೆ ಕಾಲಂ ಇಲ್ಲ.

ಒಂದು ಹೊಳೆ ಹೆಚ್ಚು, ಒಂದು ಹೊಳೆ ಕಡಿಮೆ

ನಂಜನಗೂಡಿಗೆ ಇರುವುದು ಎರಡು ಹೊಳೆ. ಕಪಿಲೆ ವಯನಾಡಿನಿಂದ ಬರುವವಳು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಗೇಟುಗಳು ಅವಳ ನಡೆಯನ್ನು ನಿರ್ಧರಿಸುತ್ತವೆ. ವಯನಾಡಿನಲ್ಲಿ ಮುಂಗಾರು ಜೋರಾಗಿ ಹೊರಹರಿವು ಏರಿದರೆ ಸ್ನಾನಘಟ್ಟ, ಪರಶುರಾಮ ಕ್ಷೇತ್ರ, ಹದಿನಾರು ಕಾಲು ಮಂಟಪ ಮುಳುಗುತ್ತವೆ. 2018, 2019, 2024ರಲ್ಲಿ ಹೀಗಾಯಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಗೇ ನೀರು ಬಂದದ್ದೂ ಉಂಟು.

ಕೌಂಡಿನ್ಯದ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಕಬಿನಿಯಂಥ ದೊಡ್ಡ ಅಣೆಕಟ್ಟಿನ ಆಸರೆಯಿಲ್ಲ, ವಯನಾಡಿನ ಮಳೆಯೂ ಇಲ್ಲ. ಅದು ನೆಚ್ಚಿಕೊಂಡದ್ದು ಮದ್ದೂರಿನಂಥ ಊರುಗಳ ಸಣ್ಣಪುಟ್ಟ ಹಳ್ಳಗಳನ್ನು. ಆ ಹಳ್ಳಗಳು ಏನಾದವು ಎಂಬುದಕ್ಕೆ ನಮ್ಮಲ್ಲಿ ಒಳ್ಳೆಯ ದಾಖಲೆ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ಸಂಶೋಧಕರು ಎರಡು ದಶಕಗಳಿಂದ ಈ ಭಾಗದ ನೀರನ್ನು ಅಳೆಯುತ್ತಿದ್ದಾರೆ. ಒಂದು ಕೇಂದ್ರ ಕಾಡಿನೊಳಗೆ, ಮೂಲೆಹೊಳೆಯಲ್ಲಿ; ಸುಮಾರು 4 ಚದರ ಕಿ.ಮೀ. ಜಲಾನಯನ. ಇನ್ನೊಂದು ಬೇರಂಬಾಡಿ, ಮದ್ದೂರನ್ನೂ ಒಳಗೊಂಡ 84 ಚದರ ಕಿ.ಮೀ. ಪ್ರದೇಶ, ಮೇಲುಭಾಗ ಕಾಡು, ಉಳಿದದ್ದು ಹೊಲ. ಕಾಡಿನಲ್ಲಿ ವರ್ಷಕ್ಕೆ ಸುಮಾರು 1,100 ಮಿ.ಮೀ. ಮಳೆಯಾದರೆ ಬೇರಂಬಾಡಿಗೆ ಬರುವಷ್ಟರಲ್ಲಿ ಅದು 800ರ ಆಸುಪಾಸಿಗೆ ಇಳಿಯುತ್ತದೆ. ಘಟ್ಟದ ಮಳೆನೆರಳು ಇಲ್ಲಿ ಪ್ರತಿ ಊರಿಗೂ ಸ್ವಲ್ಪ ಸ್ವಲ್ಪವೇ ದಟ್ಟವಾಗುತ್ತ ಹೋಗುತ್ತದೆ.

ಇಷ್ಟು ಮಳೆಯಲ್ಲಿ ಮೊದಲು ಜೋಳ, ಹುರುಳಿ, ರಾಗಿಯಂಥ ಬೆಳೆ ನಡೆಯುತ್ತಿತ್ತು. ಬೋರ್‌ವೆಲ್ ಬಂತು, ಪಂಪ್‌ಸೆಟ್‌ಗೆ ಪುಕ್ಕಟೆ ಕರೆಂಟು ಬಂತು. ಅರಿಸಿನ, ಬಾಳೆ, ಸಾಂಬಾರ್ ಈರುಳ್ಳಿ ಬಂದವು. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಹೋಯಿತು. ತಳದ ಊಟೆ ನಿಂತ ಮೇಲೆ ಹಳ್ಳ ಹರಿಯುವುದು ಜೋರು ಮಳೆ ಬಿದ್ದ ದಿನ ಮಾತ್ರ; ಆ ನೀರನ್ನೂ ಒಣಗಿದ ನೆಲವೇ ಕುಡಿಯುತ್ತದೆ. ಕೆಲವು ಬಾವಿಗಳಲ್ಲಿ ರಸಗೊಬ್ಬರದ ನೈಟ್ರೇಟ್ ಮಿತಿಮೀರಿದ್ದನ್ನೂ ಅಧ್ಯಯನಗಳು ತೋರಿಸಿವೆ. ಇದರಲ್ಲಿ ರೈತನದೊಂದೇ ತಪ್ಪು ಹುಡುಕಿ ಪ್ರಯೋಜನವಿಲ್ಲ. ಮಾರುಕಟ್ಟೆ, ಸಬ್ಸಿಡಿ, ಬೆಳೆಸಾಲ ಎಲ್ಲವೂ ಅವನನ್ನು ಬೋರ್ ಕೊರೆಸುವ ಕಡೆಗೇ ನೂಕಿದವು.

ಜೂನ್, ಜುಲೈನಲ್ಲಿ ಊಟಿಗೆ ಹೋಗುವವರು ಇದೇ ಹೊಲಗಳ ಸೂರ್ಯಕಾಂತಿ, ಚೆಂಡು ಹೂವಿನ ನಡುವೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನೋಟ ಚೆಂದವೇ. ಆದರೆ ಹೂವಿನ ಹೊಲದ ಬದಿಯಲ್ಲಿ ಬತ್ತಿ ಬಿದ್ದಿರುವ ಹಳ್ಳವನ್ನು ಯಾವ ಫೋಟೊದಲ್ಲೂ ಕಾಣೆವು.

ತಿರುಗಿ ಹರಿಯುವ ನೀರು

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೆರೆಗಳನ್ನು ತುಂಬಿಸಲು ನಂಜನಗೂಡು ತಾಲ್ಲೂಕಿನ ಆಲಂಬೂರು ಬಳಿ ಕಬಿನಿಯಿಂದ ನೀರೆತ್ತಿ ಪೈಪಿನಲ್ಲಿ ಮೇಲಕ್ಕೆ ಸಾಗಿಸುತ್ತಾರೆ. ಹುತ್ತೂರು ಕೆರೆಯಿಂದ ಮತ್ತೆ ಪಂಪ್ ಮಾಡಿ ಒಡ್ಡಗೆರೆಯಂಥ ಕೆರೆಗಳಿಗೆ ಒಯ್ಯುತ್ತಾರೆ. ನೀರಿಗಾಗಿ ವರ್ಷಗಟ್ಟಲೆ ಹೋರಾಡಿದ ರೈತರಿಗೆ ಇದು ದೊಡ್ಡ ಸಮಾಧಾನ. ಕೆರೆ ತುಂಬಿದ ಕಡೆ ಸುತ್ತಲಿನ ಬೋರ್‌ವೆಲ್‌ಗಳಿಗೂ ಜೀವ ಬಂದಿದೆ. ಆದರೂ ಲೆಕ್ಕ ನೋಡಿ: ಗುಂಡ್ಲುಪೇಟೆ ಸೀಮೆಯಿಂದ ತಾನಾಗಿ ಇಳಿದು ಬರುತ್ತಿದ್ದ ನೀರು ಬತ್ತಿತು, ಕೆಳಗಿನ ನೀರನ್ನು ವಿದ್ಯುತ್ ಖರ್ಚಿನಲ್ಲಿ ಅದೇ ಸೀಮೆಗೆ ಏರಿಸುತ್ತಿದ್ದೇವೆ.

ಮದ್ದೂರು, ನಂಜನಗೂಡು ಇವೆರಡರ ನಡುವೆ ಇರುವುದು ಗುಂಡ್ಲುಪೇಟೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ತಂದೆಯ ನೆನಪಿಗೆ ಇಲ್ಲಿ ಪರವಾಸುದೇವ ದೇಗುಲ ಕಟ್ಟಿಸಲು ಆರಿಸಿಕೊಂಡದ್ದು ಗುಂಡ್ಲು ಹೊಳೆಯ ದಂಡೆಯನ್ನು. ಮಗ ತಂದೆಗೆ ತರ್ಪಣ ಬಿಡುವುದು ಹರಿಯುವ ನೀರಿನ ಬಳಿಯಲ್ಲೇ ಅಲ್ಲವೇ? ಬಹುಕಾಲ ಪಾಳುಬಿದ್ದಿದ್ದ ಆ ದೇಗುಲದ ಕಲ್ಲನ್ನು ಮತ್ತೆ ನಿಲ್ಲಿಸಬಹುದು, ಕೆತ್ತನೆಯನ್ನು ತೊಳೆಯಬಹುದು. ಹೊಳೆಯಿಲ್ಲದ ಹೊಳೆದಂಡೆಯ ಗುಡಿಯನ್ನು ಜೀರ್ಣೋದ್ಧಾರವಾಯಿತು ಎನ್ನುವುದು ಹೇಗೆ?

ಅಹಮದಾಬಾದಿನ ದಾರಿ, ಮ್ಯೂನಿಕ್‌ನ ದಾರಿ

ನಮ್ಮ ನಗರಗಳ ನದಿದಂಡೆ ಯೋಜನೆಗಳಿಗೆ ಮಾದರಿ ಅಹಮದಾಬಾದಿನ ಸಾಬರಮತಿ. 2012ರಲ್ಲಿ ಜನರಿಗೆ ತೆರೆದುಕೊಂಡ ಆ ಯೋಜನೆಯಲ್ಲಿ ಎರಡೂ ಬದಿಗೆ ಸುಮಾರು 11 ಕಿ.ಮೀ. ಉದ್ದ ಕಾಂಕ್ರೀಟ್ ಗೋಡೆ, ನಡಿಗೆ ಹಾದಿ, ಉದ್ಯಾನ. ಊರಿನವರಿಗೆ ಸಂಜೆ ಗಾಳಿಗೆ ಒಂದು ಜಾಗ ಸಿಕ್ಕಿತು, ನಿಜ. ಹಾಗೆಯೇ ಅಗಲ ಕಿರಿದಾಗುತ್ತ ಹಿಗ್ಗುತ್ತ ಇದ್ದ ನದಿ ಒಂದೇ ಅಳತೆಯ ಕಾಲುವೆಯಾಯಿತು. ಅದರಲ್ಲಿ ತುಂಬಿಸಿದ್ದು ನರ್ಮದೆಯ ನೀರು. ದಂಡೆಯ ಮರಳಿನಲ್ಲಿ ತರಕಾರಿ ಬೆಳೆಯುತ್ತಿದ್ದವರಿಗೆ ಜಾಗ ಉಳಿಯಲಿಲ್ಲ.

ಜರ್ಮನಿಯ ಮ್ಯೂನಿಕ್ ನಗರ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. 2000ದಿಂದ 2011ರವರೆಗೆ ಈಸಾರ್ ನದಿಯ 8 ಕಿ.ಮೀ. ಉದ್ದಕ್ಕೆ ಹಳೆಯ ಕಾಂಕ್ರೀಟ್ ದಂಡೆಯನ್ನು ಕಿತ್ತು, ನದಿಗೆ ಹರಡಿಕೊಳ್ಳಲು ಜಾಗ ಬಿಟ್ಟರು. ಜಲ್ಲಿಕಲ್ಲಿನ ದಿಬ್ಬಗಳು ಮತ್ತೆ ಮೂಡಿದವು. ಪ್ರವಾಹ ತಡೆಯುವ ಶಕ್ತಿಯೂ ಹೆಚ್ಚಿತು, ಈಜಲು ಜನರೂ ಬಂದರು.

ನಂಜನಗೂಡಿಗೆ ಇವೆರಡರ ನಕಲೂ ಬೇಡ. ಜಾತ್ರೆಯ ದಿನ ಲಕ್ಷಾಂತರ ಜನ ನೀರಿಗಿಳಿಯುವ ಊರಿಗೆ ಗಟ್ಟಿ ಮೆಟ್ಟಿಲು ಬೇಕೇ ಬೇಕು. ಆದರೆ ಮೆಟ್ಟಿಲಿಳಿದರೆ ಸಿಗುವ ನೀರು ಎಂಥದ್ದು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ದೇಶದ 351 ಮಲಿನ ನದಿಭಾಗಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿಯೂ ಇತ್ತು. ಊರಿನ ಕೊಳಚೆ, ಕೈಗಾರಿಕೆಯ ನೀರು ಒಂದು ಕಡೆಯಾದರೆ, ಭಕ್ತರು ಹೊಳೆಯಲ್ಲಿ ಬಿಟ್ಟುಹೋಗುವ ಬಟ್ಟೆಯ ರಾಶಿ ಇನ್ನೊಂದು ಕಡೆ. ಯಾತ್ರಾಸ್ಥಳಗಳ ನದಿ, ಕೆರೆಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ತಡೆಯುವಂತೆ 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ಸೂಚಿಸಿದರು. ಒಳ್ಳೆಯ ಹೆಜ್ಜೆ. ಆದರೆ ಹರಿವು ಕುಗ್ಗಿದ ನದಿಯಲ್ಲಿ ಒಂದು ಸೋಪಿನ ನೊರೆಯೂ ಬೇಗ ಕರಗದು ಎಂಬುದನ್ನು ಆ ಸೂಚನೆ ಮುಟ್ಟುವುದಿಲ್ಲ.

ಬೆಲೆ ಕಟ್ಟುವವರು ಕೇಳಬೇಕಾದ್ದು

ಹಾಗಾಗಿ ದಂಡೆಯನ್ನು ಅಳೆಯುವ ಮೊದಲ ಪ್ರಶ್ನೆ ನೀರಿನದು: ಬೇಸಿಗೆಯಲ್ಲಿ ಎಷ್ಟು ದಿನ ಹರಿಯುತ್ತದೆ? ಎರಡನೆಯದು ಜಾಗದ್ದು: ಪ್ರವಾಹ ಬಂದಾಗ ನೀರು ಹರಡಿಕೊಳ್ಳಲು ಏನು ಬಿಟ್ಟಿದ್ದೇವೆ? ಮೂರನೆಯದು ಮಣ್ಣು, ಮರಗಳದು: ಹೊಳೆಮತ್ತಿ, ಹೊಂಗೆ, ನೇರಳೆಗಳು ದಂಡೆಯನ್ನು ಹಿಡಿದು ನಿಂತಿವೆಯೋ, ಗೋಡೆಗಾಗಿ ಉರುಳಿವೆಯೋ? ನಾಲ್ಕನೆಯದು ಜನರದು: ಮುಡಿ ತೆಗೆಯುವವರು, ಹಣ್ಣುಕಾಯಿ ಅಂಗಡಿಯವರು, ಬಟ್ಟೆ ಒಗೆಯುವವರು ಹೊಸ ನಕ್ಷೆಯಲ್ಲಿ ಇದ್ದಾರೆಯೇ? ಕಲ್ಲುಹಾಸಿನ ವಿಚಾರ ಬರುವುದು ಇದೆಲ್ಲ ಆದ ಮೇಲೆ.

ಮೊದಲ ಪ್ರಶ್ನೆಗೆ ಉತ್ತರ ನಂಜನಗೂಡು ನಗರಸಭೆಯ ಕೈಯಲ್ಲಿಲ್ಲ, ಗುಂಡ್ಲುಪೇಟೆ ಪುರಸಭೆಯ ಕೈಯಲ್ಲಿ ಅರ್ಧ ಮಾತ್ರ. ಮೇಲಿನ ಹಳ್ಳಗಳನ್ನು ಕಂದಾಯ ನಕ್ಷೆಯಲ್ಲಿ ಬಿ ಖರಾಬು ಎಂದು ಗುರುತಿಸಿರುತ್ತಾರೆ; ಅದು ಸಾರ್ವಜನಿಕ ಜಾಗ, ಉಳುವಂತಿಲ್ಲ. ಸರ್ವೆ ಮಾಡಿಸಿ ಅದರ ಅಗಲವನ್ನು ಉಳಿಸುವುದು, ಹಳ್ಳಕ್ಕೆ ಕೂಡುವ ಕಟ್ಟೆಕೆರೆಗಳ ಹೂಳು ತೆಗೆಸುವುದು, ಕಡಿಮೆ ನೀರಿನ ಬೆಳೆಗೆ ಅರಿಸಿನದ ಸರಿಸಮಕ್ಕೆ ಬೆಲೆ ಸಿಗುವಂತೆ ಮಾಡುವುದು, ಇವೆಲ್ಲ ಪಂಚಾಯಿತಿ, ಕಂದಾಯ, ಕೃಷಿ ಇಲಾಖೆಗಳ ದಿನನಿತ್ಯದ ಕೆಲಸವೇ. ಕಾಡಂಚಿನ ಹಾಡಿಗಳ ಸೋಲಿಗರು, ಜೇನುಕುರುಬರಿಗೆ ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತಿತ್ತು ಎಂಬುದು ಗೊತ್ತಿದೆ. ಅವರ ನೆನಪನ್ನೂ ವಿಜ್ಞಾನಿಗಳ ಅಳತೆಯನ್ನೂ ಒಂದೇ ಮೇಜಿನ ಮೇಲಿಡಬೇಕಾದ ಕಾಲ ಇದು.

ನಂಜನಗೂಡಿನ ದಂಡೆಗೆ ಮುಂದೆ ಎಂದಾದರೂ ಯೋಜನೆ ಬರೆದರೆ, ಅದರ ಹಣದ ಒಂದು ಪಾಲು ಬೇರಂಬಾಡಿಯ ಹಳ್ಳಗಳಿಗೆ ಹೋಗಬೇಕು. ಅದರ ಮೊದಲ ಸಭೆ ಮದ್ದೂರಿನಲ್ಲಿ ನಡೆಯಬೇಕು. ಹಳ್ಳದ ಪಕ್ಕ ಹೊಲವಿರುವ ರೈತ ಆ ಸಭೆಯಲ್ಲಿ ‘ನನಗೇನು ಸಿಗುತ್ತದೆ’ ಎಂದು ಕೇಳಿಯೇ ಕೇಳುತ್ತಾನೆ. ಅವನಿಗೆ ಕೊಡಲು ಉತ್ತರ ಸಿದ್ಧವಿಲ್ಲದ ಯೋಜನೆಯನ್ನು ಒಪ್ಪುವ ಅಗತ್ಯವಿಲ್ಲ.