ಮುಪ್ಪಿನ ಟರ್ಬೊ ಗಾಡಿಯ ನಡುಕವೂ ನಿಶ್ಶಕ್ತಿಯೂ

ಹಳೆಯ ಮೋಟಾರು ಗಾಡಿಯನ್ನು ಸಾಕಿಕೊಂಡಿರುವ ಗೃಹಸ್ಥರಿಗೆ ಅದರ ಎರಡು ಬೇನೆಗಳು ಚೆನ್ನಾಗಿ ಪರಿಚಿತವಾಗಿರುವುವು. ಗಾಡಿಯು ನಿಂತಲ್ಲಿ ಎಂಜಿನು ಓಡುತ್ತಿರುವಾಗ ಚಳಿಜ್ವರ ಬಂದಂತೆ ನಡುಗುವುದು ಒಂದು. ಏರುದಾರಿಯಲ್ಲಿ ಎಷ್ಟು ಮೆಟ್ಟಿದರೂ ಪಿಕಪ್ ಬಾರದೆ ಸೊರಗುವುದು ಇನ್ನೊಂದು. ಟರ್ಬೊ ಇರುವ ಗಾಡಿಯಲ್ಲಿ ಇವೆರಡೂ ಕೂಡಿ ತೋರಿದರೆ, "ಟರ್ಬೊ ಹೋಯಿತು, ಹೊಸದನ್ನು ಹಾಕಿಸಿರಿ" ಎಂಬ ತೀರ್ಪು ಬಾನೆಟ್ಟನ್ನು ತೆರೆಯುವುದಕ್ಕೆ ಮೊದಲೇ ಹೊರಬೀಳುವುದುಂಟು. ಆ ತೀರ್ಪಿನ ಬೆಲೆ ಹತ್ತಾರು ಸಾವಿರ ರೂಪಾಯಿಗಳು. ಆದರೆ ಎರಡು ಬೇನೆಗಳೂ ಒಟ್ಟಿಗೆ ಬಂದಿರುವುದೇ ಬಹುಮಟ್ಟಿಗೆ ಟರ್ಬೊ ನಿರಪರಾಧಿಯೆಂಬುದಕ್ಕೆ ಸಾಕ್ಷಿಯೆಂದು ನಾವು ಹೇಳುತ್ತೇವೆ. ಅದು ಹೇಗೆಂಬುದನ್ನು ನೋಡೋಣ.

ಎಂಜಿನಿನಿಂದ ಹೊರಹೋಗುವ ಹೊಗೆಯ ರಭಸಕ್ಕೆ ತಿರುಗುವ ಒಂದು ಚಕ್ರ, ಅದೇ ದಂಡದ ಮತ್ತೊಂದು ಕೊನೆಯಲ್ಲಿ ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವ ಇನ್ನೊಂದು ಚಕ್ರ, ಟರ್ಬೊ ಎಂದರೆ ಇಷ್ಟೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು ೧೯೦೫ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದರೂ, ಇದು ಮಾರಾಟದ ಕಾರುಗಳಿಗೆ ಬಂದುದು ೧೯೬೨ರಲ್ಲಿ, ಅಮೆರಿಕದಲ್ಲಿ. ಪೂರ್ಣವೇಗದಲ್ಲಿ ಈ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುವುದು. ಗಾಡಿ ನಿಂತು ಎಂಜಿನು ಮೆಲ್ಲನೆ ಓಡುವಾಗಲಾದರೋ ಹೊಗೆಯೂ ಅಲ್ಪ, ಒತ್ತಡವೂ ಇಲ್ಲ. ಟರ್ಬೊ ಆಗ ಬಹುಮಟ್ಟಿಗೆ ನಿದ್ರಿಸುತ್ತಿರುತ್ತದೆ. ನಿದ್ರಿಸುತ್ತಿರುವವನು ಮನೆಯನ್ನು ನಡುಗಿಸಿದನೆಂದರೆ ನಂಬುವುದೆಂತು?

ಉದಾಹರಣೆಗೆ ಫೋಕ್ಸ್‌ವ್ಯಾಗನ್ ಬಳಗದ ೧.೮ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನನ್ನು ತೆಗೆದುಕೊಳ್ಳೋಣ. ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವುಗಳುಳ್ಳ, ೧೭೮೧ ಘನ ಸೆಂಟಿಮೀಟರಿನ ಈ ಎಂಜಿನು ೧೯೯೦ರ ದಶಕದ ನಡುವಿನಲ್ಲಿ ಔಡಿ ಗಾಡಿಗಳಲ್ಲಿ ಬಂದು, ಮುಂದೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಗಾಡಿಯೊಡನೆ ನಮ್ಮ ದೇಶದ ರಸ್ತೆಗಳಿಗೂ ಇಳಿಯಿತು. ಇಂದು ಆ ಗಾಡಿಗಳ ವಯಸ್ಸು ಹದಿನೈದನ್ನು ದಾಟಿದೆ. ಅವುಗಳ ಕಬ್ಬಿಣ ಇನ್ನೂ ಗಟ್ಟಿಯಾಗಿದ್ದರೂ, ವರ್ಷಗಟ್ಟಲೆ ಎಂಜಿನಿನ ಕಾವಿನಲ್ಲಿ ಬೆಂದ ರಬ್ಬರು ನಳಿಕೆಗಳು ಹಪ್ಪಳದಂತೆ ಬಿರಿಯತೊಡಗಿವೆ. ರೋಗದ ಮೂಲವನ್ನು ಅಲ್ಲಿ ಹುಡುಕತಕ್ಕದ್ದು.

ಒಳಹೋಗುವ ಗಾಳಿಯನ್ನು ಫಿಲ್ಟರಿನ ಬಳಿಯಲ್ಲಿರುವ ಸೆನ್ಸರು ಅಳೆಯುವುದು. ಆ ಅಳತೆಗೆ ತಕ್ಕಷ್ಟು ಪೆಟ್ರೋಲನ್ನು ಗಾಡಿಯ ಕಂಪ್ಯೂಟರು ಕೊಡುವುದು. ಗಾಳಿಯು ಮುಂದೆ ಟರ್ಬೊ, ಇಂಟರ್‌ಕೂಲರ್, ಥ್ರಾಟಲ್ ಎಂಬ ಬಾಗಿಲು, ಇವನ್ನು ದಾಟಿ ಮ್ಯಾನಿಫೋಲ್ಡಿಗೆ ಸೇರುವುದು. ಗಾಡಿ ನಿಂತಿರುವಾಗ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನೊಳಗೆ ಬಲವಾದ ಹೀರಿಕೆ ಇರುತ್ತದೆ. ಅಲ್ಲಿ ನಳಿಕೆಯೊಂದು ಬಿರಿದಿದ್ದರೆ, ಅಳತೆಗೆ ಸಿಕ್ಕದ ಕಳ್ಳಗಾಳಿಯು ಒಳನುಗ್ಗಿ, ಪೆಟ್ರೋಲು ಸಾಲದೆ ಎಂಜಿನು ನಡುಗುವುದು. ಏರಿನಲ್ಲಿ ಮೆಟ್ಟಿದಾಗ ಅದೇ ಮ್ಯಾನಿಫೋಲ್ಡಿನಲ್ಲಿ ಹೀರಿಕೆಯ ಬದಲು ಒತ್ತಡ. ಅದೇ ಬಿರುಕಿನಿಂದ ಅಳೆದ ಗಾಳಿಯು ಹೊರಕ್ಕೆ ಸೋರುವುದು. ಪಿಕಪ್ ಕುಸಿಯುವುದು, ಪೆಟ್ರೋಲು ಹೆಚ್ಚಾಗಿ ಕರಿಹೊಗೆ ಕಾಣುವುದು. ಒಂದೇ ಬಿರುಕು ನಿಂತಾಗ ಉಸಿರನ್ನು ಎಳೆದುಕೊಂಡು, ಏರುವಾಗ ಬಿಡುತ್ತದೆ!

ಈ ತತ್ತ್ವವನ್ನು ಹಿಡಿದರೆ ಅರ್ಧ ಪರೀಕ್ಷೆ ಮುಗಿದಂತೆ. ನಡುಕವಿಲ್ಲದೆ ನಿಶ್ಶಕ್ತಿ ಮಾತ್ರವಿದ್ದರೆ ಟರ್ಬೊವಿನಿಂದ ಥ್ರಾಟಲಿನವರೆಗಿನ ದಪ್ಪ ಹೋಸ್ ಪೈಪುಗಳನ್ನೂ ಅವುಗಳ ಕ್ಲಿಪ್ಪುಗಳನ್ನೂ ನೋಡತಕ್ಕದ್ದು. ಸೋರುವ ಕಡೆ ಎಣ್ಣೆಯ ಜಿಡ್ಡು ಕಟ್ಟಿಕೊಂಡು ತಾನೇ ಗುರುತು ಹೇಳುವುದು. ನಿಶ್ಶಕ್ತಿಯಿಲ್ಲದೆ ನಡುಕ ಮಾತ್ರವಿದ್ದರೆ ಕಾಯಿಲು, ಸ್ಪಾರ್ಕ್ ಪ್ಲಗ್ಗು, ಮಸಿ ಹಿಡಿದ ಥ್ರಾಟಲುಗಳ ಕಡೆಗೆ ತಿರುಗಬೇಕು. ಈ ಎಂಜಿನಿನ ಕಾಯಿಲುಗಳಂತೂ ಕೈಕೊಡುವುದರಲ್ಲಿ ಹೆಸರಾದವು. ಸ್ಕ್ಯಾನರು ಒಂದನೆಯ ಸಿಲಿಂಡರಿನ ಮೇಲೆ ದೂರು ಹೇಳಿದರೆ ಅದರ ಕಾಯಿಲನ್ನು ಎರಡನೆಯದಕ್ಕೆ ಹಾಕಿಸಿ ನೋಡಿರಿ. ದೂರೂ ಎರಡನೆಯದಕ್ಕೆ ಹೋದರೆ ಕಳ್ಳನು ಸಿಕ್ಕಿದಂತೆಯೇ. ಎಂಜಿನಿನ ದೀಪವು ಮಿಣುಕುತ್ತಿದ್ದರೆ ಮಾತ್ರ ಗಾಡಿಯನ್ನು ಓಡಿಸಲಾಗದು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಇನ್ನೊಂದು ದೊಡ್ಡ ಖರ್ಚನ್ನು ತರುವುದು.

ಎರಡೂ ಬೇನೆಗಳು ಕೂಡಿದಾಗ ಮೊದಲು ಸಂಶಯಿಸತಕ್ಕುದು ಮುಷ್ಟಿಗಿಂತ ಚಿಕ್ಕದಾದ ಡೈವರ್ಟರ್ ವಾಲ್ವನ್ನು. ಚಾಲಕನು ಹಠಾತ್ತನೆ ಕಾಲನ್ನು ತೆಗೆದಾಗ, ಮುಚ್ಚಿದ ಥ್ರಾಟಲಿಗೆ ಬಡಿಯುವ ಗಾಳಿಯನ್ನು ಇದು ಟರ್ಬೊವಿನ ಬಾಯಿಗೆ ತಿರುಗಿಸಿಬಿಡುತ್ತದೆ. ಇದರೊಳಗಿನ ರಬ್ಬರು ಪೊರೆ ಹರಿದರೆ ನಿಂತಾಗ ಕಳ್ಳಗಾಳಿ, ಏರಿನಲ್ಲಿ ಸೋರಿಕೆ, ಎರಡೂ ತಪ್ಪವು. ನಮ್ಮ ಪರಿಚಿತರೊಬ್ಬರ ಗಾಡಿಯು ಶಿರಾಡಿ ಘಾಟಿನಲ್ಲಿ ಲಾರಿಗಳ ಹಿಂದೆ ತೆವಳಿ ಮನೆ ಸೇರಿತ್ತು; ಹೊಸ ಟರ್ಬೊವಿಗೆ ಅಂದಾಜೂ ಬಂದಿತ್ತು. ಮಗಳ ಕಾಲೇಜಿನ ಫೀಸಿಗೆಂದು ತೆಗೆದಿಟ್ಟ ಹಣಕ್ಕೆ ಕೈ ಹಾಕಬೇಕಾದ ಸಮಯ. ಊರಿನ ಹಳೆಯ ಮೇಸ್ತ್ರಿಯೊಬ್ಬರು ಡೈವರ್ಟರ್ ವಾಲ್ವನ್ನು ಬಿಚ್ಚಿ, ಒಳಗಿನ ಪಿಸ್ಟನನ್ನು ಬೆರಳಿನಿಂದ ಮೇಲಕ್ಕೊತ್ತಿ, ಸಣ್ಣ ನಳಿಕೆಯ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ, ಒತ್ತಿದ ಬೆರಳನ್ನು ತೆಗೆದರು. ಪೊರೆ ನೆಟ್ಟಗಿದ್ದರೆ ಪಿಸ್ಟನು ಒತ್ತಿದಲ್ಲಿಯೇ ನಿಲ್ಲಬೇಕು. ಅದು ಟಕ್ಕನೆ ಕೆಳಗಿಳಿಯಿತು. ಟರ್ಬೊವನ್ನು ಯಾರೂ ಮುಟ್ಟಲಿಲ್ಲ. ಈ ಪರೀಕ್ಷೆಗೆ ಎರಡು ನಿಮಿಷವೂ ಬೇಡವೆಂಬುದನ್ನು ವಾಚಕರು ಗಮನಿಸಬೇಕು.

ವಾಲ್ವು ಸರಿಯಾಗಿದ್ದರೆ ಮ್ಯಾನಿಫೋಲ್ಡಿನ ಅಡಿಯಲ್ಲಿ ಅಡಗಿರುವ ಬ್ರೀದರ್ ಪೈಪುಗಳ ಸರದಿ. ಇವು ಮೇಲಿನಿಂದ ಕಾಣವು. ಟಾರ್ಚೂ ಸಣ್ಣ ಕನ್ನಡಿಯೂ ಬೇಕು. ಕೈಯಿಂದ ಹಿಸುಕಿದಾಗ ಮೆತ್ತಗೆ ಜಿಗುಟಾಗಿರುವುದೂ ಗಟ್ಟಿಯಾಗಿ ಚಟಚಟಿಸುವುದೂ ಎರಡೂ ಕೆಟ್ಟವೇ. ಇವುಗಳ ನಡುವಿನ ಒಮ್ಮುಖ ವಾಲ್ವು ಕೆಟ್ಟಿದ್ದರೆ ಟರ್ಬೊವಿನ ಒತ್ತಡವೆಲ್ಲ ಎಂಜಿನಿನ ಹೊಟ್ಟೆಗೆ ನುಗ್ಗಿ, ಸೀಲುಗಳ ಸಂದಿನಿಂದ ಎಣ್ಣೆಯನ್ನು ಹೊರದೂಡುವುದು. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಅಂಕಿಯನ್ನೂ ಓದಿಸಿರಿ: ನಿಂತಾಗ ಕಂಪ್ಯೂಟರು ಹೆಚ್ಚು ಪೆಟ್ರೋಲು ಸೇರಿಸುತ್ತಿದ್ದು, ಎಂಜಿನಿನ ಸುತ್ತು ಹೆಚ್ಚಿದಂತೆ ಆ ಅಂಕಿ ಸೊನ್ನೆಯ ಕಡೆಗಿಳಿದರೆ ಅದು ಕಳ್ಳಗಾಳಿಯ ಹೆಜ್ಜೆಗುರುತು. ಕೆಲವರು ಬಿರುಕನ್ನು ಹುಡುಕಲು ಕಾರ್ಬ್ಯುರೇಟರ್ ಕ್ಲೀನರನ್ನು ಎರಚುವರು. ಕಾದ ಲೋಹದ ಮೇಲೆ ಅದು ಬೆಂಕಿಗೆ ಆಹ್ವಾನ. ಗಾಳಿಯ ದಾರಿಯಲ್ಲಿ ಹೊಗೆಯನ್ನು ತುಂಬಿ ಎಲ್ಲಿ ಹೊರಬರುವುದೆಂದು ನೋಡುವ ಯಂತ್ರವು ಅನೇಕ ಗ್ಯಾರೇಜುಗಳಲ್ಲಿ ಇದೆ. ಅದನ್ನೇ ಕೇಳಿರಿ.

ಇಷ್ಟರ ಮೇಲೆಯೇ ಟರ್ಬೊವಿನ ವಿಚಾರಣೆ. ಎಂಜಿನು ತಣ್ಣಗಿರುವಾಗ ಒಳದಾರಿಯ ಪೈಪನ್ನು ಬಿಚ್ಚಿಸಿ ದಂಡದ ತುದಿಯನ್ನು ಅಲುಗಿಸಿ ನೋಡಬೇಕು. ಅಕ್ಕಪಕ್ಕಕ್ಕೆ ಎಳ್ಳಷ್ಟು ಅಲುಗುವುದು ಸಹಜ. ಹಿಂದುಮುಂದಕ್ಕೆ ಅಲುಗಿದರೆ, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿದ್ದರೆ, ಹೊಗೆಯು ನೀಲಿಯಾಗಿದ್ದರೆ ಆಗ ಖರ್ಚಿಗೆ ಸಿದ್ಧರಾಗತಕ್ಕದ್ದು.

ಕೊನೆಯದಾಗಿ ಬರೆದರೂ ಮೊದಲು ಮಾಡಬೇಕಾದ ಪರೀಕ್ಷೆಯೊಂದು ಉಳಿದಿದೆ. ಬ್ರೇಕಿಗೆ ಬಲವನ್ನು ಕೊಡುವ ಬೂಸ್ಟರೂ ಈ ಮ್ಯಾನಿಫೋಲ್ಡಿನ ಹೀರಿಕೆಯನ್ನೇ ನಂಬಿದೆ; ಅದರ ನಳಿಕೆ ಬಿರಿದರೆ ಎಂಜಿನು ನಡುಗುವುದಷ್ಟೇ ಅಲ್ಲ, ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕಲ್ಲಿನಂತಾಗುವುದು. ಎಂಜಿನನ್ನು ನಿಲ್ಲಿಸಿ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲನ್ನು ಅಲ್ಲಿಯೇ ಇಟ್ಟುಕೊಂಡು ಎಂಜಿನನ್ನು ಚಾಲೂ ಮಾಡಿರಿ. ಪೆಡಲು ಕಾಲಿನಡಿಯಲ್ಲಿ ತುಸು ಇಳಿಯಬೇಕು. ಇಳಿಯದಿದ್ದರೆ ಗಾಡಿಯನ್ನು ರಸ್ತೆಗೆ ತಾರದೆ, ಮೇಸ್ತ್ರಿಯನ್ನೇ ಮನೆಗೆ ಕರೆಸತಕ್ಕದ್ದು.